ವಪೆ ಸೋತಾಗ ಉಸಿರು ಕೊಟ್ಟು ಕಾಯೋಣ

ನಾವು ದಿನವೊಂದಕ್ಕೆ ಸುಮಾರು 20,000 ಸಲ ಉಸಿರಾಡುತ್ತೇವೆ. ಈ ದುಡಿಮೆಯ ಬಹುಪಾಲನ್ನು ಮಾಡುವುದು ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಒಂದು ತೆಳು ಸ್ನಾಯು. ಶಾಲೆಯ ಪಾಠದಲ್ಲಿ ಅದನ್ನು ವಪೆ ಎಂದು ಓದಿದ್ದೇವೆ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಅದಕ್ಕೆ ಅಪ್ಪಣೆ ಕೊಡುವ ಎರಡು ನರಗಳು ಕತ್ತಿನಿಂದ ಹೊರಡುತ್ತವೆ. ಅಪ್ಪಣೆ ತಲುಪದಿದ್ದರೆ ಶ್ವಾಸಕೋಶ ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಒಂದು ಬದಿ ಮಾತ್ರ ಸೋತರೆ ಗುಡ್ಡ ಹತ್ತುವಾಗ ಏದುಸಿರು, ಅಂಗಾತ ಮಲಗಿದರೆ ಕಷ್ಟ. ಕೆಲವರಿಗೆ ಅದೂ ತಿಳಿಯುವುದಿಲ್ಲ. ಹಲವರಿಗೆ ಚಿಕಿತ್ಸೆಯೇ ಬೇಡ. ಬೇಕಾದವರಿಗೆ ರಾತ್ರಿ ಮಾಸ್ಕಿನ ಯಂತ್ರವೋ, ಸಡಿಲಗೊಂಡ ವಪೆಯನ್ನು ಮಡಿಸಿ ಹೊಲಿಯುವ ಶಸ್ತ್ರಕ್ರಿಯೆಯೋ ಇದೆ. ಆದರೆ ಎರಡೂ ಬದಿ ಒಮ್ಮೆಗೇ ಸೋತರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆಗ ಮೊದಲ ಚಿಕಿತ್ಸೆ ಒಂದೇ: ರೋಗಿಯ ಬದಲಿಗೆ ಬೇರೆಯವರು ಉಸಿರಾಡಿಸುವುದು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು 1952ರ ಕೋಪನ್‌ಹೇಗನ್. ಅಲ್ಲಿ ಪೋಲಿಯೋ ಹಬ್ಬಿದಾಗ, ಉಸಿರಾಟ ಸೋತ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಗಂಟಲಿನಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಕೊಡಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯಲ್ಲಿ ಹಗಲಿರುಳು ಕುಳಿತು ಚೀಲ ಹಿಸುಕಿದರು. ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಇಂದು ಆ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ.

ನಮ್ಮ ಕೃಷಿಕರಿಗೆ ಈ ಆಪತ್ತು ಮೂರು ದಾರಿಯಿಂದ ಬರುತ್ತದೆ.

ಒಂದನೆಯದು ಕಟ್ಟುಹಾವು; ನಮ್ಮ ಕಾಸರಗೋಡಿನ ಮಲಯಾಳಿ ನೆರೆಯವರು ವೆಳ್ಳಿಕ್ಕೆಟ್ಟನ್ ಎನ್ನುತ್ತಾರೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಉಗುಳು ನುಂಗಲಾಗದಿರುವುದು, ಮಾತು ತೊದಲುವುದು, ಕೊನೆಗೆ ಉಸಿರು. ಪ್ರತಿವಿಷದ ಔಷಧ ಬೇಗ ಸಿಗಬೇಕು. ಏಕೆಂದರೆ ಈ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ, ಹಾಳಾದ ತುದಿಯನ್ನು ಔಷಧ ಸರಿಪಡಿಸದು. ಅದು ತಾನಾಗಿ ಚಿಗುರಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ವೆಂಟಿಲೇಟರೇ ಆಸರೆ. ನಾಗರಹಾವಿನ ಕಡಿತದಲ್ಲಾದರೆ ಪ್ರತಿವಿಷದ ಜೊತೆ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ಕೂಡ ಸಹಾಯಕ್ಕೆ ಬರುತ್ತದೆ.

ಎರಡನೆಯದು ಕೀಟನಾಶಕ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಈ ಜಾತಿಯದಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದವು ಈ ಗುಂಪಿನವು. ಇವು ಮೈಸೇರಿದರೆ ಬೆವರು, ಜೊಲ್ಲು, ವಾಂತಿ. ಅಟ್ರೊಪಿನ್ ಕೊಟ್ಟಾಗ ಜೊಲ್ಲು, ಕಫ ಇಳಿಯುತ್ತವೆ, ಆದರೆ ಸ್ನಾಯುವಿನ ಬಲಹೀನತೆಗೆ ಅದು ಮದ್ದಲ್ಲ. ಒಂದರಿಂದ ನಾಲ್ಕು ದಿನಗಳ ಬಳಿಕ, ಎಲ್ಲ ಸರಿಯಾಯಿತು ಎನ್ನುವಾಗಲೇ, ರೋಗಿಗೆ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಇದು ವಪೆ ಸೋಲುವ ಮುನ್ಸೂಚನೆ. ಆದ್ದರಿಂದ ವೈದ್ಯರು ಬಿಡುವ ಮೊದಲು ಮನೆಗೆ ಕರೆತರಬೇಡಿ.

ಮೂರನೆಯದು ಅಡಿಕೆ ಮರದಿಂದ ಬೀಳುವುದು. ಕತ್ತಿನ ಮೂಳೆ ಮೇಲ್ಭಾಗದಲ್ಲಿ ಮುರಿದು ಮಿದುಳುಬಳ್ಳಿ ಕಡಿದರೆ ವಪೆಗೆ ಅಪ್ಪಣೆ ನಿಲ್ಲುತ್ತದೆ. ಇಲ್ಲಿ ಗುಣವಾಗುವ ಭರವಸೆ ಕಡಿಮೆ. ಹಲವರಿಗೆ ಯಂತ್ರ ದೀರ್ಘಕಾಲ ಬೇಕು. ನರ ಉಳಿದಿದ್ದರೆ, ಕೆಲವು ದೊಡ್ಡ ಕೇಂದ್ರಗಳಲ್ಲಿ ವಿದ್ಯುತ್ ಮಿಡಿತದಿಂದ ವಪೆಯನ್ನು ಕುಣಿಸುವ ಸಾಧನ ಅಳವಡಿಸುತ್ತಾರೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ತಲೆ, ಕತ್ತು, ಬೆನ್ನು ಒಂದೇ ನೇರಕ್ಕೆ ಇರುವಂತೆ ಹಲಗೆಯ ಮೇಲೆ ಸಾಗಿಸಿ.

ಹಾವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೈಕಾಲು ಅಲುಗದಂತೆ ಪಟ್ಟಿ ಕೊಟ್ಟು 108ಕ್ಕೆ ಫೋನ್ ಮಾಡಿ. ವಿಷವೈದ್ಯರ ಮನೆಗೆ ಹೋಗಿ ಕಳೆದ ಎರಡು ಗಂಟೆ ಮತ್ತೆ ಸಿಗದು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಕೀಟನಾಶಕ ಕುಡಿದವರಿಗೆ ಮಾತ್ರ ಹಾಗೆ ಮಾಡದೆ ಚೀಲದಿಂದ ಕೊಡಬೇಕು. ಪ್ರತಿವಿಷ, ವೆಂಟಿಲೇಟರ್ ಎರಡೂ ಇರುವ ಆಸ್ಪತ್ರೆ ಗಡಿಯ ಈಚೆ ಯಾವುದು, ಆಚೆ ಯಾವುದು ಎಂದು ಇಂದೇ ವಿಚಾರಿಸಿ, ಮನೆಯ ಗೋಡೆಯ ಮೇಲೆ ಬರೆದಿಡಿ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಒಂದೇ ಆಸ್ಪತ್ರೆಯನ್ನು ನೆಚ್ಚಿಕೊಳ್ಳಬಾರದೆಂದು ನಾವು ಕಲಿತೆವು.

ಕೊನೆಯದಾಗಿ ಒಂದು ಮಾತು. ಕಟ್ಟುಹಾವು ಕಚ್ಚಿದವರು ಕಣ್ಣು ತೆರೆಯುವುದಿಲ್ಲ, ಬೆರಳು ಅಲುಗಿಸುವುದಿಲ್ಲ, ಸತ್ತವರಂತೆಯೇ ಕಾಣುತ್ತಾರೆ. ಆದರೆ ಅವರಿಗೆ ನಮ್ಮ ಮಾತು ಕೇಳಿಸುತ್ತಿರಬಹುದು. "ಇನ್ನೇನಿಲ್ಲ, ಯಂತ್ರ ತೆಗೆಯಿರಿ" ಎಂದು ಹಾಸಿಗೆಯ ಬಳಿ ಆಡಬೇಡಿ. ಕೈ ಹಿಡಿದು ಹೆಸರು ಕರೆದು ಮಾತಾಡಿ. ನರ ಚಿಗುರುವ ತನಕ ಕಾಯುವುದು ನಮ್ಮ ಕೆಲಸ.