ಅಳಿಸಿದರೂ ಅಳಿಯದ ಸಾಕ್ಷ್ಯ

ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರವನ್ನು ದಶಕಗಳ ಕಾಲ ನಡುಗಿಸಿದ ಸರಣಿ ಹಂತಕನನ್ನು ಕಡೆಗೂ ಕಾನೂನಿನ ಕೈಗೆ ಒಪ್ಪಿಸಿದ್ದು ನೇರಳೆ ಬಣ್ಣದ ಒಂದು ಫ್ಲಾಪಿ ಡಿಸ್ಕ್! ಫ್ಲಾಪಿ ಕಳುಹಿಸಿದರೆ ತನ್ನ ಜಾಡು ಸಿಗುತ್ತದೆಯೇ ಎಂದು ಆತ ಪೊಲೀಸರನ್ನೇ ಕೇಳಿದ್ದ. ಅವರು ಪತ್ರಿಕಾ ಜಾಹೀರಾತಿನ ಮೂಲಕ ಅಭಯವಿತ್ತಿದ್ದರು. 2005ರ ಫೆಬ್ರವರಿಯಲ್ಲಿ ಆ ಫ್ಲಾಪಿ ಸ್ಥಳೀಯ ಟಿ.ವಿ. ವಾಹಿನಿಯ ಕೈಸೇರಿತು. ಅದರೊಳಗೆ ಅಳಿಸಿಹಾಕಿದ್ದ ವರ್ಡ್ ಕಡತವೊಂದರ ಮೆಟಾಡೇಟಾದಲ್ಲಿ ಒಂದು ಲೂಥರನ್ ಚರ್ಚಿನ ಹೆಸರೂ, ಕಡತವನ್ನು ಕೊನೆಗೆ ತಿದ್ದಿದ 'ಡೆನ್ನಿಸ್' ಎಂಬಾತನ ಹೆಸರೂ ಉಳಿದಿದ್ದವು. ಚರ್ಚಿನ ಮಂಡಳಿಯ ಅಧ್ಯಕ್ಷ ಡೆನ್ನಿಸ್ ರೇಡರ್ ಅದೇ ತಿಂಗಳು ಬಂಧಿತನಾದ. ಡಿಎನ್‌ಎ ಪರೀಕ್ಷೆಯೂ ಅವನತ್ತಲೇ ಬೆರಳು ತೋರಿತು. 10 ಕೊಲೆಗಳನ್ನು ಆತ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಅಳಿಸಿದ್ದು ಉಳಿದದ್ದು ಹೇಗೆ? ಗ್ರಂಥಾಲಯದ ಸೂಚಿಯಿಂದ ಚೀಟಿ ಕಿತ್ತರೂ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಹಾಗೆಯೇ ಇಲ್ಲಿ ಕಡತದ ವಿಳಾಸವಷ್ಟೇ ಮರೆಯಾಗುತ್ತದೆ. ಅದೇ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ಮೂಲ ದತ್ತಾಂಶ ಅಕ್ಷತ.

1984ರಲ್ಲಿ ಎಫ್‌ಬಿಐ ಕಂಪ್ಯೂಟರ್ ಸಾಕ್ಷ್ಯಕ್ಕೆಂದೇ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ಹಿಂದೆಲ್ಲ ಕಂಪ್ಯೂಟರ್ ಕಂಡೊಡನೆ ಪ್ಲಗ್ ಕಿತ್ತು ಜಪ್ತಿ ಮಾಡುವುದೇ ರೂಢಿ. ಆದರೆ ವಿದ್ಯುತ್ ಹೋದರೆ ರ‍್ಯಾಮ್‌ನಲ್ಲಿರುವ ಗೂಢಲಿಪಿಯ ಕೀಲಿ, ಚಾಲ್ತಿಯಲ್ಲಿರುವ ಜಾಲಸಂಪರ್ಕಗಳ ವಿವರ ಎಲ್ಲವೂ ಹೋಗುತ್ತವೆ. ಬೇಗ ಮಾಯವಾಗುವುದನ್ನು ಮೊದಲು ಸಂಗ್ರಹಿಸಬೇಕೆಂಬ ಕ್ರಮವನ್ನು 2002ರ ಆರ್‌ಎಫ್‌ಸಿ 3227 ಮಾರ್ಗಸೂಚಿ ಸ್ಪಷ್ಟವಾಗಿ ಬರೆದಿಟ್ಟಿತು.

ಡಿಜಿಟಲ್ ಸಾಕ್ಷ್ಯವನ್ನು ಶೋಧಿಸುವ ಈ ಶಾಸ್ತ್ರದ ನಿಜವಾದ ವೈಭವ ಇರುವುದು ಅದರ ಸಂಯಮದಲ್ಲಿ. ವಶಪಡಿಸಿಕೊಂಡ ಮೊಬೈಲ್ ಫ್ಯಾರಡೆ ಚೀಲ ಸೇರುತ್ತದೆ. ದೂರದಿಂದ ಯಾರಾದರೂ ಎಲ್ಲವನ್ನೂ ಅಳಿಸುವ ಆದೇಶ ಕಳುಹಿಸಿದರೂ ಆ ಸಂಕೇತ ಒಳನುಗ್ಗದು. ಹಾರ್ಡ್ ಡಿಸ್ಕಿಗೆ ರೈಟ್ ಬ್ಲಾಕರ್ ಜೋಡಿಸಿ, ಓದಲು ಮಾತ್ರ ಅವಕಾಶವಿರುವಂತೆ ಮಾಡಿ, ಒಂದು ಬಿಟ್ ಕೂಡ ತಪ್ಪದಂತೆ ಪ್ರತಿ ತೆಗೆಯುತ್ತಾರೆ. ಬಳಿಕ ಮೂಲಕ್ಕೂ ಪ್ರತಿಗೂ ಹ್ಯಾಶ್ ಲೆಕ್ಕ. ಎಸ್‌ಎಚ್‌ಎ-256 ವಿಧಾನದಲ್ಲಿ ದತ್ತಾಂಶ ಎಷ್ಟೇ ಇರಲಿ, ಬರುವುದು 64 ಚಿಹ್ನೆಗಳ ಒಂದು ಸಾಲು. ಒಂದು ಅಲ್ಪವಿರಾಮ ಬದಲಾದರೂ ಸಾಲಿನ ಸ್ವರೂಪವೇ ಬದಲು! ಪರಿಶೀಲನೆಯೆಲ್ಲ ಪ್ರತಿಯ ಮೇಲೆ. ಮೂಲ ಮೊಹರಿನೊಳಗೆ ಭದ್ರ.

ಈ ಕ್ಷೇತ್ರದಲ್ಲಿ ಕರ್ನಾಟಕದ್ದು ಮೊದಲ ಹೆಜ್ಜೆಯ ಹಿರಿಮೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಪ್ರಯೋಗಾಲಯದ ಶಿಸ್ತು ಕಾನೂನಿನ ಭಾಷೆಯೊಳಗೆ ಬಂದದ್ದು ನಿಜಕ್ಕೂ ಮಹತ್ವದ ಬೆಳವಣಿಗೆ.

ಇತ್ತ ತಂತ್ರಜ್ಞಾನವೂ ಸುಮ್ಮನಿಲ್ಲ. ಇಂದಿನ ಎಸ್‌ಎಸ್‌ಡಿ ಸಂಗ್ರಹ ಸಾಧನಗಳು 'ಟ್ರಿಮ್' ಆದೇಶ ಸಿಕ್ಕೊಡನೆ ಅಳಿಸಿದ ಜಾಗವನ್ನು ತಾವಾಗಿಯೇ ಬರಿದು ಮಾಡಿಕೊಳ್ಳುತ್ತವೆ. ವಿಚಿಟಾದಂಥ ಅದೃಷ್ಟ ಈಗ ಅಪರೂಪ. ಹೀಗಾಗಿ ತನಿಖಾಧಿಕಾರಿಗಳ ದೃಷ್ಟಿ ಕ್ಲೌಡ್ ಬ್ಯಾಕಪ್, ಮೊಬೈಲ್ ಟವರ್ ದಾಖಲೆ, ಬೀದಿಬದಿಯ ಅಂಗಡಿಯ ಸಿಸಿಟಿವಿಯವರೆಗೂ ಹರಡಿದೆ. ಅಂಗಡಿಯ ಡಿವಿಆರ್ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತಲೇ ಇರುವುದರಿಂದ ಅಲ್ಲಿಗೆ ಬೇಗ ಧಾವಿಸಬೇಕು. ನುರಿತ ಅಧಿಕಾರಿ ಅಲ್ಲಿ ಮೊದಲು ನೋಡುವುದು ಡಿವಿಆರ್‌ನ ಗಡಿಯಾರವನ್ನು: ಅದು ನಿಜ ಸಮಯಕ್ಕಿಂತ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಮಹಜರಿನಲ್ಲಿ ಬರೆದುಕೊಂಡ ಮೇಲೆಯೇ ದೃಶ್ಯಗಳತ್ತ ಗಮನ.