ಕೊರಿಯಾದ ಮಕ್ಕಳೂ ಬೇಸಿಗೆಯ ಇಂಗ್ಲಿಷ್ ಪಾಠವೂ

ನಮ್ಮ ನಾಡಿನಲ್ಲಿ ಬೇಸಿಗೆ ರಜೆಯೆಂದರೆ ಏಪ್ರಿಲ್, ಮೇ ತಿಂಗಳುಗಳು. ಮಾವಿನಕಾಯಿ, ಜಾತ್ರೆ, ಅಜ್ಜಿಯ ಊರು, ಮದುವೆಯ ಊಟ ಇವೆಲ್ಲ ಆ ಮಾತಿನ ಹಿಂದೆಯೇ ಬರುತ್ತವೆ. ದಕ್ಷಿಣ ಕೊರಿಯಾದಲ್ಲಿ ಶಾಲಾ ವರ್ಷವು ಮಾರ್ಚ್ ತಿಂಗಳಲ್ಲಿ ಆರಂಭವಾಗುತ್ತದೆ. ಜುಲೈ ಕೊನೆಯ ವೇಳೆಗೆ, ಅವರು ‘ಚಾಂಗ್ಮಾ’ ಎಂದು ಕರೆಯುವ ಮಳೆಗಾಲ ಹಿಂದೆ ಸರಿದು ಬೆವರಿಳಿಸುವ ಸೆಕೆ ಹಿಡಿದಾಗ, ಅಲ್ಲಿಯ ಮಕ್ಕಳಿಗೆ ಸುಮಾರು ನಾಲ್ಕು ವಾರಗಳ ರಜೆ ದೊರೆಯುತ್ತದೆ. ದೊರೆಯುತ್ತದೆ ಎಂಬುದು ಶಾಲೆಯ ವೇಳಾಪಟ್ಟಿಯ ಮಾತು. ಆ ರಜೆಯ ಬಹುಭಾಗವನ್ನು ಪಾಠವೇ ನುಂಗಿಬಿಡುತ್ತದೆ. ಪಾಠಗಳಲ್ಲಿಯೂ ಇಂಗ್ಲಿಷಿನದೇ ಮೇಲುಗೈ.

ಆ ನಾಲ್ಕು ವಾರಗಳಿಗಾಗಿ ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕ ಮುಂತಾದ ದೇಶಗಳ ತರುಣ ತರುಣಿಯರು ಕೊರಿಯಾಕ್ಕೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಾರೆ. ವಿಶ್ವವಿದ್ಯಾಲಯಗಳ ವಸತಿನಿಲಯಗಳಲ್ಲಿ, ಖಾಸಗಿ ಪಾಠಶಾಲೆಗಳಲ್ಲಿ, ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ‘ಇಂಗ್ಲಿಷ್ ಶಿಬಿರ’ಗಳು ನಡೆಯುತ್ತವೆ. ಶಾಲೆಗಳಲ್ಲಿ ವರ್ಷವಿಡೀ ಇರುವ ವಿದೇಶಿ ಶಿಕ್ಷಕರೂ ರಜೆಯಲ್ಲಿ ಎರಡು ಮೂರು ವಾರ ಶಿಬಿರ ನಡೆಸಬೇಕೆಂಬುದು ರೂಢಿ. ಇಷ್ಟೊಂದು ಆತುರ ಅವರಿಗೇಕೆ ಎಂದು ನಮ್ಮ ಓದುಗರು ಕೇಳಬಹುದು. ತಮ್ಮದೇ ಭಾಷೆಯಲ್ಲಿ ಆಡಳಿತ, ವಿಜ್ಞಾನ, ವ್ಯಾಪಾರ ಎಲ್ಲವನ್ನೂ ನಡೆಸುತ್ತಿರುವ ಜನ ಅವರು. ಸೇಜಾಂಗ್ ದೊರೆ 1446ರಲ್ಲಿ ಪ್ರಜೆಗಳಿಗೆ ನೀಡಿದ ‘ಹಂಗುಲ್’ ಲಿಪಿಯ ನೆನಪಿಗೆ ಅಕ್ಟೋಬರ್ 9ರಂದು ರಾಷ್ಟ್ರೀಯ ರಜೆಯನ್ನೇ ಆಚರಿಸುವವರು.

ಇದಕ್ಕೆ ಉತ್ತರ ಪರೀಕ್ಷೆಯಲ್ಲಿದೆ. ನವೆಂಬರ್ ತಿಂಗಳ ಒಂದು ಗುರುವಾರ ನಡೆಯುವ ‘ಸುನುಂಗ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯು ಅಲ್ಲಿಯ ತರುಣರ ಮುಂದಿನ ಬದುಕನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಅದರಲ್ಲಿ ಇಂಗ್ಲಿಷನ್ನು ಕಿವಿಯಿಂದ ಕೇಳಿ ಉತ್ತರಿಸುವ ಭಾಗವೊಂದಿದೆ. ಆ ಸುಮಾರು 35 ನಿಮಿಷಗಳ ಕಾಲ ದೇಶದ ಯಾವ ವಿಮಾನ ನಿಲ್ದಾಣದಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಬಂದ ವಿಮಾನಗಳು ಆಕಾಶದಲ್ಲಿಯೇ ಸುತ್ತುತ್ತ ಕಾಯುತ್ತವೆ. ಮಕ್ಕಳ ಪರೀಕ್ಷೆಗಾಗಿ ಒಂದು ದೇಶ ತನ್ನ ಆಕಾಶವನ್ನೇ ನಿಶ್ಶಬ್ದಗೊಳಿಸುವುದನ್ನು ಕಂಡು ಮೆಚ್ಚಬೇಕೋ ಮರುಗಬೇಕೋ ತಿಳಿಯದು. 2017ರ ಪರೀಕ್ಷೆಯಿಂದ ಇಂಗ್ಲಿಷಿಗೆ ಪರಸ್ಪರ ಸ್ಪರ್ಧೆಯ ಶ್ರೇಣಿಯ ಬದಲು ನಿಗದಿತ ಅಂಕಗಳ ಶ್ರೇಣಿಯನ್ನು ತಂದರು. ಆದರೂ ತಾಯಿತಂದೆಯರ ಆತಂಕ ತಗ್ಗಲಿಲ್ಲ.

ಆ ಆತಂಕದ ಮನೆಯೇ ‘ಹಾಗ್ವನ್’. ನಮ್ಮ ಟ್ಯೂಷನ್ ಕ್ಲಾಸುಗಳ ಹಿರಿಯಣ್ಣನೆಂದರೆ ಓದುಗರಿಗೆ ಕಲ್ಪನೆ ಬರಬಹುದು. 1980ರಲ್ಲಿ ಅಲ್ಲಿಯ ಸೈನಿಕ ಸರ್ಕಾರವು ಮನೆಪಾಠಗಳನ್ನೆಲ್ಲ ನಿಷೇಧಿಸಿತ್ತು. 2000ದಲ್ಲಿ ಸಂವಿಧಾನ ನ್ಯಾಯಾಲಯವು ಆ ನಿಷೇಧ ಸಲ್ಲದೆಂದು ತೀರ್ಪಿತ್ತಿತು. ಸೋಲ್ ನಗರದಲ್ಲಿ ರಾತ್ರಿ ಹತ್ತು ಗಂಟೆಯ ಬಳಿಕ ಹಾಗ್ವನ್ ನಡೆಸಕೂಡದೆಂಬ ನಿಯಮವಿದೆ. ರಾತ್ರಿ ಹತ್ತಕ್ಕೆ ಪಾಠ ನಿಲ್ಲಿಸಿರೆಂದು ಕಾನೂನು ಮಾಡಬೇಕಾದ ಸ್ಥಿತಿಯೇ ಉಳಿದುದನ್ನು ಹೇಳುತ್ತದೆ. 2024ರಲ್ಲಿ ಕೊರಿಯಾದ ಕುಟುಂಬಗಳು ಶಾಲೆಯ ಹೊರಗಿನ ಪಾಠಗಳಿಗೆ ಮಾಡಿದ ವೆಚ್ಚ ಸುಮಾರು 29.2 ಲಕ್ಷ ಕೋಟಿ ವನ್, ಎಂದರೆ ಹೆಚ್ಚುಕಡಿಮೆ 1.8 ಲಕ್ಷ ಕೋಟಿ ರೂಪಾಯಿ. ಇಷ್ಟು ಹಣ ವ್ಯಯವಾದದ್ದು ಐವತ್ತು ಲಕ್ಷಕ್ಕೆ ಸ್ವಲ್ಪ ಮಿಕ್ಕ ಮಕ್ಕಳ ಮೇಲೆ. ಶಾಲಾ ವಿಷಯಗಳಲ್ಲಿ ಇಂಗ್ಲಿಷಿಗೇ ಹೆಚ್ಚಿನ ಪಾಲು.

ಇನ್ನೂ ಮುಂದೆ ಹೋದವರಿದ್ದಾರೆ. ತಾಯಿಯನ್ನೂ ಮಕ್ಕಳನ್ನೂ ಇಂಗ್ಲಿಷ್ ನಾಡಿಗೆ ಕಳುಹಿಸಿ, ತಾನೊಬ್ಬನೇ ಸೋಲ್‌ನಲ್ಲಿ ಉಳಿದು, ದುಡಿದು ಹಣ ಕಳುಹಿಸುತ್ತ, ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಹಾರಿ ಹೋಗಿ ಮಕ್ಕಳ ಮುಖ ನೋಡಿ ಬರುವ ತಂದೆಗೆ ಅಲ್ಲಿಯ ಜನ ಇಟ್ಟ ಹೆಸರು ‘ಗಿರೊಗಿ ಅಪ್ಪಾ’. ಗಿರೊಗಿಯೆಂದರೆ ಋತುವಿಗೊಮ್ಮೆ ವಲಸೆ ಹೋಗುವ ಕಾಡುಬಾತು. ಅಪ್ಪಾ ಎಂದರೆ, ಓದುಗರು ಆಶ್ಚರ್ಯಪಡಬಹುದು, ಅಪ್ಪನೇ. ತಾಯಿಯನ್ನು ಅವರು ‘ಒಮ್ಮಾ’ ಎನ್ನುತ್ತಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸರು 1905ರಲ್ಲಿ ಕೊರಿಯನ್ ಭಾಷೆಗೂ ನಮ್ಮ ದ್ರಾವಿಡ ಭಾಷೆಗಳಿಗೂ ತೌಲನಿಕ ವ್ಯಾಕರಣವನ್ನೇ ಬರೆದು ಪ್ರಕಟಿಸಿದರು. ಈ ಎರಡೂ ಒಂದೇ ಬಳ್ಳಿಯವೆಂಬ ಅವರ ಎಣಿಕೆಯನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಅಪ್ಪ ಅಮ್ಮನ ಹೋಲಿಕೆ ಮಕ್ಕಳ ತೊದಲು ನುಡಿಯಿಂದ ಎಲ್ಲೆಡೆ ಹುಟ್ಟುವಂಥದು. ಆದರೆ ವಾಕ್ಯದ ಹೆಣಿಗೆಯ ಸಾಮ್ಯ ಮಾತ್ರ ಎದ್ದು ಕಾಣುತ್ತದೆ: ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ, ವಿಭಕ್ತಿಯ ಗುರುತು ನಾಮಪದದ ಹಿಂದೆ. ‘ನಾನು ಅನ್ನವನ್ನು ಉಣ್ಣುತ್ತೇನೆ’ ಎಂಬ ನಮ್ಮ ವಾಕ್ಯವನ್ನು ಪದ ಕದಲಿಸದೆ ಕೊರಿಯನ್ನಿಗೆ ತರಬಹುದು.

ಈ ಸಂಗತಿಯನ್ನು ಬೇಕೆಂದೇ ಹೇಳಿದೆ. ಶಿಬಿರದ ತರಗತಿಯೊಳಗೆ ಹೋದಾಗ ಇದು ಬೇಕಾಗುತ್ತದೆ.

ಹತ್ತು ವರ್ಷದ ಕೊರಿಯನ್ ಹುಡುಗಿ ಇಂಗ್ಲಿಷ್ ಮಾತನಾಡಲು ಬಾಯಿ ತೆರೆಯುವಾಗ ಎಡವುವ ಸ್ಥಳಗಳನ್ನು ನೋಡಿ. ಅವಳ ಭಾಷೆಯಲ್ಲಿ ‘ಎ’, ‘ದಿ’ ಎಂಬ ಉಪಪದಗಳಿಲ್ಲ, ಕನ್ನಡದಲ್ಲಿಯೂ ಇಲ್ಲ. ಅವಳ ಭಾಷೆಯಲ್ಲಿ ‘ಎರಡು ಪುಸ್ತಕ’ ಎಂದರೆ ಸಾಕು, ಬಹುವಚನ ಕಡ್ಡಾಯವಲ್ಲ, ನಮ್ಮಲ್ಲಿಯೂ ಅಷ್ಟೇ. ‘ಎಫ್’ ಧ್ವನಿಯಿಲ್ಲದ್ದರಿಂದ ‘ಕಾಫಿ’ ಅವಳಿಗೆ ‘ಕೊಪಿ’. ನಮ್ಮ ಹಳ್ಳಿಯ ಹಿರಿಯರಿಗೆ ಅದು ‘ಕಾಪಿ’. ಒತ್ತಕ್ಷರಗಳು ಒಟ್ಟಾಗಿ ಬಂದರೆ ನಡುನಡುವೆ ಸ್ವರ ಸೇರಿಸಿ ಬಿಡಿಸಿಕೊಳ್ಳುತ್ತಾಳೆ. ಒಂದೇ ಉಸಿರಿನ ‘ಸ್ಟ್ರೈಕ್’ ಅವಳ ಬಾಯಲ್ಲಿ ‘ಸುಟುರಾಯಿಕು’ ಎಂದು ಐದು ಅಕ್ಷರವಾಗುತ್ತದೆ. ‘ಸ್ಕೂಲ್’ ಎಂಬುದನ್ನು ‘ಇಸ್ಕೂಲು’ ಮಾಡಿಕೊಂಡ ಕನ್ನಡಿಗನಿಗೆ ಇದರಲ್ಲಿ ನಗುವಂಥದೇನೂ ಕಾಣದು. ‘ರ’ ಮತ್ತು ‘ಲ’ ಎರಡಕ್ಕೂ ಅವರಲ್ಲಿ ಒಂದೇ ಅಕ್ಷರ. ಆದುದರಿಂದ ‘ರೈಸ್’ ಎಂದರೆ ಅನ್ನ, ‘ಲೈಸ್’ ಎಂದರೆ ಹೇನು ಎಂಬ ಭೇದವನ್ನು ಕಿವಿ ಹಿಡಿಯುವುದೇ ಕಷ್ಟ. ಈ ಒಂದು ವಿಷಯದಲ್ಲಿ ಮಾತ್ರ ನಮಗೆ ಅವರ ತೊಡಕಿಲ್ಲ. ಇನ್ನು ಕಾಗುಣಿತವಂತೂ ಅವರಿಗೆ ದೊಡ್ಡ ಅನ್ಯಾಯವಾಗಿ ತೋರುತ್ತದೆ. ಹಂಗುಲ್, ಕನ್ನಡದಂತೆಯೇ, ಬಹುಮಟ್ಟಿಗೆ ನುಡಿದಂತೆ ಬರೆಯುವ ಲಿಪಿ. ಕೊನೆಗೆ ಒಂದೇ ನಾಲ್ಕು ಅಕ್ಷರಗಳನ್ನು ಹೊತ್ತ ‘ಥ್ರೂ’, ‘ದೋ’, ‘ಟಫ್’ ಪದಗಳನ್ನು ಮೂರು ಬಗೆಯಾಗಿ ಏಕೆ ನುಡಿಯಬೇಕೆಂದು ಆ ಮಗು ಕೇಳಿದರೆ, ಇಂಗ್ಲಿಷೇ ತಾಯ್ನುಡಿಯಾದ ಶಿಕ್ಷಕ ಹೆಗಲು ಕುಣಿಸಿ ಸುಮ್ಮನಾಗುತ್ತಾನೆ. ಹಾಗೆ ಕೇಳಿ, ಪೆಟ್ಟು ತಿಂದು, ಬಾಯಿಪಾಠ ಮಾಡಿ ದಾಟಿ ಬಂದವನಿಗೆ ಹೇಳಲು ಏನಾದರೊಂದು ಇದ್ದೇ ಇರುತ್ತದೆ.

ಶಿಬಿರದ ದಿನಚರಿ ಸರಳವಾದುದು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪಾಠ ಆರಂಭ. ಮಕ್ಕಳಿಗೆ ಆಯಾ ಶಿಬಿರದ ಮಟ್ಟಿಗೆ ಒಂದೊಂದು ಇಂಗ್ಲಿಷ್ ಹೆಸರು. ಹಾಡು, ಚಿತ್ರ, ಅಡುಗೆಯಾಟ, ಅಂಗಡಿಯಾಟ, ಚಿಕ್ಕ ನಾಟಕ. ಗೆದ್ದವರಿಗೆ ಅಂಟುಚೀಟಿಯ ಬಹುಮಾನ. ಜೊತೆಯಲ್ಲಿ ಒಬ್ಬ ಕೊರಿಯನ್ ಶಿಕ್ಷಕಿ ಇದ್ದರೆ ಕೆಲಸ ಹಗುರ. ವ್ಯಾಕರಣಕ್ಕೆ ಇಲ್ಲಿ ಜಾಗವಿಲ್ಲ. ಅದನ್ನು ಶಾಲೆಯೂ ಹಾಗ್ವನ್ನೂ ಅರೆದು ಕುಡಿಸಿವೆ. ಐದು ವರ್ಷ ಇಂಗ್ಲಿಷ್ ಓದಿದ ಮಗುವೂ ‘ನಿನಗೆ ಏನು ಇಷ್ಟ?’ ಎಂದು ಕೇಳಿದರೆ ತಲೆ ತಗ್ಗಿಸಿ ನಿಲ್ಲುವುದುಂಟು. ತಪ್ಪಿದರೆ ಓರಗೆಯವರು ನಕ್ಕಾರೆಂಬ ಭಯ ಅದು. ಎರಡು ಮೂರು ವಾರಗಳಲ್ಲಿ ಯಾರೂ ಭಾಷೆ ಕಲಿಸಲಾರರು. ಆದರೆ ತಪ್ಪು ಮಾತನಾಡಿದರೂ ಆಕಾಶ ಬೀಳುವುದಿಲ್ಲವೆಂಬುದನ್ನು ಆ ಅವಧಿಯಲ್ಲಿ ಮಗುವಿಗೆ ಕಾಣಿಸಿಕೊಡಬಹುದು. ಒಳ್ಳೆಯ ಶಿಬಿರ ಮಾಡುವುದು ಇಷ್ಟನ್ನೇ.

ಈ ಉಪಕಾರ ಯಾರಿಗೆ ಹೆಚ್ಚು ಸಲ್ಲುತ್ತದೆಯೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆಯೆಂದು ನನ್ನ ಭಾವನೆ. ಸೋಲ್‌ನ ಶ್ರೀಮಂತ ಬಡಾವಣೆಯ ಮಗುವಿಗೆ ಶಿಬಿರವೆಂದರೆ ಹತ್ತರ ಜೊತೆ ಹನ್ನೊಂದನೆಯ ಪಾಠ. ಪಾಪ, ಅದಕ್ಕೆ ಬೇಕಾದುದು ನಿದ್ರೆ. ಬೆಟ್ಟದ ಆಚೆಯ ಹಳ್ಳಿಯಲ್ಲಿ, ಕಡಲ ದ್ವೀಪದಲ್ಲಿ ಇರುವ ಮಗುವಿಗೆ ಹಾಗ್ವನ್ ಇಲ್ಲ, ಹಣವೂ ಇಲ್ಲ. ಜನನ ಪ್ರಮಾಣ 2023ರಲ್ಲಿ ತಾಯಿಯೊಬ್ಬಳಿಗೆ 0.72ಕ್ಕೆ ಇಳಿದ ದೇಶ ಅದು. ಹಳ್ಳಿಯ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿವೆ. 1997ರಲ್ಲಿ ಮೂರನೆಯ ತರಗತಿಯಿಂದ ಇಂಗ್ಲಿಷ್ ಕಡ್ಡಾಯವಾದಾಗ, ಹಣವಂತರ ಮಕ್ಕಳು ಮುಂದೆ ಓಡಿ ಬಡವರ ಮಕ್ಕಳು ಹಿಂದುಳಿದರು. ಈ ಅಂತರವನ್ನು ತಗ್ಗಿಸಲು ಸರ್ಕಾರವು ಯತ್ನಿಸದೆ ಇರಲಿಲ್ಲ. 1995ರಲ್ಲಿ ಆರಂಭವಾದ ‘ಎಪಿಕ್’ ಯೋಜನೆಯು ಸರ್ಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ತಂದಿತು. 2008ರಲ್ಲಿ ಬಂದ ‘ಟಾಕ್’ ಯೋಜನೆಯು ಕಾಲೇಜು ತರುಣರನ್ನು ಹಳ್ಳಿಯ ಶಾಲೆಗಳಿಗೇ ಕಳುಹಿಸಿತು. ಅದು ಈಗ ನಿಂತಿದೆ. ಗ್ಯೊಂಗಿ ಪ್ರಾಂತವು 2004ರಲ್ಲಿ ಆನ್‌ಸಾನ್‌ನಲ್ಲಿ, 2006ರಲ್ಲಿ ಪಾಜುವಿನಲ್ಲಿ ‘ಇಂಗ್ಲಿಷ್ ಗ್ರಾಮ’ಗಳನ್ನೇ ಕಟ್ಟಿಸಿತು. ಪರದೇಶದ ಪೇಟೆಯ ಹಾಗೆ ಬೀದಿ, ಅಂಗಡಿ. ಒಳಗೆ ಇಂಗ್ಲಿಷ್ ಮಾತು. ನಷ್ಟ ತಾಳಲಾರದೆ ಅವು ತಮ್ಮ ಮೊದಲಿನ ರೂಪದಲ್ಲಿ ಉಳಿಯಲಿಲ್ಲ. ಕಟ್ಟಡಕ್ಕೆ ಸುರಿದ ಹಣದಲ್ಲಿ ಹಳ್ಳಿಯ ಶಾಲೆಗಳಲ್ಲಿ ಎಷ್ಟು ಬೇಸಿಗೆ ಶಿಬಿರಗಳನ್ನು ನಡೆಸಬಹುದಿತ್ತೋ!

ಇನ್ನು ನಮ್ಮವರ ಮಾತು. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಕೊಡುವ ‘ಇ-2’ ವೀಸಾ ಏಳು ದೇಶಗಳವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಇಂಗ್ಲಿಷ್ ಅವರ ತಾಯ್ನುಡಿಯೆಂಬುದು ಕಾರಣ. ಭಾರತದೊಡನೆ ಆದ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು 2010ರ ಜನವರಿ 1ರಂದು ಜಾರಿಗೆ ಬಂದಾಗ ಒಂದು ಕಿಂಡಿ ತೆರೆಯಿತು. ಪದವಿಯೂ ಶಿಕ್ಷಕ ಅರ್ಹತೆಯೂ ಉಳ್ಳ ಭಾರತೀಯರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು. ಸಹಾಯಕರು ಮಾತ್ರ ಎಂಬುದನ್ನು ಗಮನಿಸಬೇಕು. ಪ್ರವಾಸಿ ವೀಸಾದ ಮೇಲೆ ಹೋಗಿ ರಜೆಯಲ್ಲಿ ಪಾಠ ಹೇಳಿ ಬರೋಣವೆಂದು ಯಾವ ದಲ್ಲಾಳಿ ಆಸೆ ತೋರಿಸಿದರೂ ನಂಬತಕ್ಕದ್ದಲ್ಲ. ಅದು ಅಲ್ಲಿಯ ಕಾನೂನಿಗೆ ವಿರುದ್ಧ, ಗಡೀಪಾರಿಗೂ ಕಾರಣವಾದೀತು. ಪದವಿಪತ್ರದ ದೃಢೀಕರಣ, ಪೊಲೀಸ್ ಪ್ರಮಾಣಪತ್ರ, ಆರೋಗ್ಯ ತಪಾಸಣೆ ಇವಕ್ಕೇ ತಿಂಗಳುಗಳು ಹಿಡಿಯುತ್ತವೆ.

ಈ ‘ತಾಯ್ನುಡಿ’ಯ ನಿಯಮದಲ್ಲಿ ಒಂದು ವಿನೋದವಿದೆ. ಫಿಲಿಪೈನ್ಸ್ ದೇಶದವರಿಗೆ ಆ ವೀಸಾ ಇಲ್ಲ. ಆದರೆ ರಜೆ ಬಂದೊಡನೆ ಸಾವಿರಾರು ಕೊರಿಯನ್ ಮಕ್ಕಳು ಸೆಬು, ಬಾಗಿಯೊ ನಗರಗಳಿಗೆ ಹಾರಿ ಫಿಲಿಪಿನೋ ಶಿಕ್ಷಕಿಯರ ಎದುರು ಒಬ್ಬೊಬ್ಬರಾಗಿ ಕುಳಿತು ಇಂಗ್ಲಿಷ್ ಕಲಿಯುತ್ತಾರೆ. ಆ ಶಿಕ್ಷಕಿಯರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ತಮ್ಮ ಮನೆಗೆ ಬರಗೊಡದವರ ಮನೆಗೆ ತಾವೇ ಮಕ್ಕಳನ್ನು ಕಳುಹಿಸುವ ಈ ಬಗೆಯನ್ನು ಏನೆನ್ನೋಣ? ಬಿ.ಎಡ್. ಮಾಡಿ, ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಹೆಜ್ಜೆ ಹೆಜ್ಜೆಗೂ ದುಡಿದು ಪಡೆದ ನಮ್ಮ ಹೆಣ್ಣುಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಅಂಥವರಿಗೆ ತಮ್ಮ ಉಚ್ಚಾರದ ಬಗ್ಗೆ ಸಂಕೋಚ ಹೆಚ್ಚು. ಕೊರಿಯನ್ ಮಗುವಿನ ತೊಡಕನ್ನು ಒಳಗಿನಿಂದ ಬಲ್ಲವರು ಅವರೇ ಎಂದು ಯಾರಾದರೂ ಅವರಿಗೆ ಹೇಳಬೇಕು.

ಹೋಗುವವರಿಗೆ ಊಟದ ಚಿಂತೆ ಸಹಜ. ಶಾಕಾಹಾರಿಗಳಿಗೆ ಕೊರಿಯಾ ಸುಲಭದ ನಾಡಲ್ಲ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಅನ್ನ, ಸಾರು, ಕಿಮ್ಚಿ ಇರುತ್ತವೆ. ಎಲೆಕೋಸಿನ ಉಪ್ಪಿನಕಾಯಿಯಂತೆ ಕಾಣುವ ಕಿಮ್ಚಿಗೆ ಸಾಮಾನ್ಯವಾಗಿ ಸೀಗಡಿಯ ಅಥವಾ ಮೀನಿನ ರಸ ಬೆರೆಸಿರುತ್ತಾರೆ. ತಿಳಿಸಾರನ್ನೂ ಒಣಮೀನಿನಿಂದ ಕುದಿಸುವುದೇ ವಾಡಿಕೆ. ಕೇಳದೆ ಉಣ್ಣಬಾರದು. ಬೌದ್ಧ ವಿಹಾರಗಳ ಅಡುಗೆ ಮಾತ್ರ ಪೂರ್ಣ ಶಾಕಾಹಾರ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ದಿನನಿತ್ಯಕ್ಕೆ ಅಕ್ಕಿ, ತರಕಾರಿ, ಸೋಯಾ ಗಿಣ್ಣು ಎಲ್ಲೆಡೆ ದೊರೆಯುತ್ತವೆ. ಚಟ್ನಿಪುಡಿಯ ಡಬ್ಬಿಯೊಂದನ್ನು ಕೊಂಡೊಯ್ದರೆ ಕೈಯಡುಗೆ ಸಾಗುತ್ತದೆ.

ನಡೆವಳಿಕೆಯ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಾದರಕ್ಷೆಯನ್ನು ಬಾಗಿಲಲ್ಲಿ ಬಿಡುವುದು, ಹಿರಿಯರಿಂದ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು, ಗುರುಗಳನ್ನು ಹೆಸರು ಹಿಡಿದು ಕರೆಯದಿರುವುದು ಅಲ್ಲಿಯೂ ಇವೆ. ಮಕ್ಕಳು ಶಿಕ್ಷಕರನ್ನು ‘ಸೊನ್ಸೆಂಗ್‌ನಿಮ್’ ಎನ್ನುತ್ತಾರೆ. ಅದನ್ನೇ ಇಂಗ್ಲಿಷಿಗೆ ತಂದು, ನಮ್ಮ ಮಕ್ಕಳ ಹಾಗೆಯೇ, ‘ಟೀಚರ್’ ಎಂದು ಕೂಗುತ್ತಾರೆ. ಮಗುವಿನ ಹೆಸರನ್ನು ಕೆಂಪು ಶಾಯಿಯಲ್ಲಿ ಮಾತ್ರ ಬರೆಯಬಾರದು. ಅದು ಸಾವಿನ ಸೂಚನೆಯೆಂದು ಅವರು ಬಗೆಯುತ್ತಾರೆ.

ಶಿಬಿರಗಳ ನಡುವೆ ಆಗಸ್ಟ್ 15 ಬರುತ್ತದೆ. 1945ರ ಆ ದಿನ ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಎರಡು ವರ್ಷಗಳ ಬಳಿಕ ಅದೇ ದಿನಾಂಕದಂದು ನಾವು ಸ್ವತಂತ್ರರಾದೆವು. ಜಪಾನಿನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಹಾಕಲಾಗಿತ್ತು. ಆ ಒಂದು ದಿನ ದೇಶಕ್ಕೆಲ್ಲ ರಜೆ, ಇಂಗ್ಲಿಷ್ ತರಗತಿಗಳಿಗೂ ಬಿಡುವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ಮತ್ತೆ ಬಂದು ಕೂರುತ್ತಾರೆ. ಶಿಬಿರದ ಕೊನೆಯ ದಿನ ತಾಯಿತಂದೆಯರ ಎದುರು ಆಡಬೇಕಾದ ನಾಟಕದ ಮಾತುಗಳನ್ನು ಆಗಲೇ ಗಟ್ಟಿಮಾಡತೊಡಗಿರುತ್ತಾರೆ.