ಹೊಸ ಮೊಬೈಲಿನ ಧ್ವನಿದೋಷವೂ ವ್ಯಾಪಾರಿಯ ಬಿಲ್ಲೂ

ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಇಂದು ಮೊಬೈಲ್ ಫೋನು ತಕ್ಕಡಿಯಷ್ಟೇ ಅನಿವಾರ್ಯವಾದ ಸಾಧನವಾಗಿದೆ. ದೂರದ ಊರಿನ ಆರ್ಡರು, ಸರಬರಾಜುದಾರರೊಡನೆ ದರದ ಮಾತುಕತೆ, ಲಾರಿ ಎಲ್ಲಿಯವರೆಗೆ ಬಂತೆಂಬ ವಿಚಾರಣೆ ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ಪ್ರತ್ಯೇಕ ಸೌಂಡ್‌ಬಾಕ್ಸ್ ಇಟ್ಟುಕೊಳ್ಳದ ವ್ಯಾಪಾರಿಯಂತೂ ಯುಪಿಐ ಹಣ ಖಾತೆಗೆ ಜಮೆಯಾದುದನ್ನು ಫೋನು ಕೂಗಿ ಹೇಳುವುದರಿಂದಲೇ ತಿಳಿಯುತ್ತಾನೆ. ಸಂಜೆಯ ಜನಸಂದಣಿಯಲ್ಲಿ ಪ್ರತಿಯೊಬ್ಬರ ಪರದೆಯನ್ನು ನೋಡುತ್ತ ಕೂರಲಾಗದು. ನೋಡಿದರೂ ತೋರಿಸಿದ ಚಿತ್ರ ಅಸಲಿಯೆಂದು ನಂಬುವಂತಿಲ್ಲ. ಹೀಗಿರುವಾಗ ಹೊಸದಾಗಿ ಕೊಂಡ ಫೋನಿನ ಸ್ಪೀಕರು ಕ್ಷೀಣವಾಗಿ ನುಡಿದರೆ, ಅಥವಾ ಧ್ವನಿ ಏರಿಸಿದೊಡನೆ ಕರಕರ ಎಂದು ಒಡೆದರೆ, ಅದು ಕೇವಲ ಹಾಡು ಕೇಳುವ ಸುಖಕ್ಕೆ ಬಂದ ಕುಂದಲ್ಲ, ವ್ಯವಹಾರದ ನಷ್ಟವೇ ಸರಿ.

ಇಂತಹ ಸಂದರ್ಭದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ದೋಷವೋ ಅಥವಾ ಆ ಫೋನಿನ ಸಹಜ ಮಿತಿಯೋ ಎಂಬುದು ಮೊದಲನೆಯದು. ದೋಷವೇ ಆಗಿದ್ದಲ್ಲಿ ಯಾವ ಕಾನೂನಿನಡಿ ಪರಿಹಾರ ಕೇಳಬೇಕೆಂಬುದು ಎರಡನೆಯದು. ಬಿಲ್ಲು ಬರೆಯಿಸುವಾಗ ಆಡಿದ ಒಂದು ಮಾತು ಈ ಎರಡನೆಯ ಪ್ರಶ್ನೆಯ ಮೇಲೆ ಸಾಕಷ್ಟು ಪರಿಣಾಮ ಬೀರುತ್ತದೆಂಬ ಸಂಗತಿ ಅನೇಕ ವ್ಯಾಪಾರಿಗಳ ಗಮನಕ್ಕೆ ಬಂದಂತಿಲ್ಲ.

ದೋಷವೋ, ಮಿತಿಯೋ?

ಸ್ಪೀಕರು ಧ್ವನಿ ಹುಟ್ಟಿಸುವುದು ತನ್ನ ಪೊರೆಯಿಂದ ಗಾಳಿಯನ್ನು ತಳ್ಳಿ. ತೆಳ್ಳನೆಯ ಫೋನಿನೊಳಗೆ ಅಡಗಿಸಿದ ಬೆರಳುಗುರಿನಷ್ಟು ಪೊರೆಯು ಹೆಚ್ಚು ಗಾಳಿಯನ್ನು ತಳ್ಳಲಾರದು. ಆದಕಾರಣ ತಗ್ಗಿನ ಸ್ವರಗಳು ಯಾವ ಫೋನಿನಲ್ಲಿಯೂ ತುಂಬಿ ಬರುವುದಿಲ್ಲ. ಇದು ದೋಷವಲ್ಲ. ಕೆಲವು ಮಾದರಿಗಳಲ್ಲಿ ಕೆಳಬದಿಯ ಒಂದೇ ಸ್ಪೀಕರು ಇರುತ್ತದೆ. ಇನ್ನು ಕೆಲವದರಲ್ಲಿ ಕಿವಿಗಿಟ್ಟು ಕೇಳುವ ಮೇಲ್ಭಾಗದ ಸ್ಪೀಕರೇ ಎರಡನೆಯದಾಗಿಯೂ ಕೆಲಸ ಮಾಡುತ್ತದೆ. ಎರಡರ ಪ್ರಮಾಣ ಸಮನಾಗಿಲ್ಲವೆಂಬ ದೂರಿಗೂ ಇದೇ ಕಾರಣ.

ದೂರು ಕೊಡುವ ಮುನ್ನ ಕೆಲವು ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಒಳಿತು. ಪೆಟ್ಟಿಗೆಯಿಂದ ತೆಗೆದಾಗ ಫೋನಿಗೆ ಅಂಟಿರುವ ತೆಳು ಹಾಳೆ ಸ್ಪೀಕರಿನ ರಂಧ್ರಗಳನ್ನು ಮುಚ್ಚಿರಬಹುದು. ಅಂಗಡಿಯಲ್ಲಿ ಹಾಕಿಸಿದ ಗಾಜಿನ ಸ್ಕ್ರೀನ್‌ಗಾರ್ಡು ಮೇಲಿನ ಸ್ಪೀಕರಿನ ಮೇಲೆಯೂ, ದಪ್ಪನೆಯ ಕವರು ಕೆಳಗಿನ ಸ್ಪೀಕರಿನ ಮೇಲೆಯೂ ಕುಳಿತಿರುವುದು ಸಾಮಾನ್ಯ. ಅವೆರಡನ್ನೂ ತೆಗೆದು ಕೇಳತಕ್ಕದ್ದು. ಕರೆಯ ಧ್ವನಿ, ಗಂಟೆಯ ಧ್ವನಿ, ಹಾಡು ಹಾಗೂ ವಿಡಿಯೋ ಧ್ವನಿ ಇವುಗಳ ಪ್ರಮಾಣವನ್ನು ಫೋನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ; ಒಂದನ್ನು ಏರಿಸಿದ ಮಾತ್ರಕ್ಕೆ ಇನ್ನೊಂದು ಏರುವುದಿಲ್ಲ. ಬ್ಲೂಟೂತ್ ಮೂಲಕ ಧ್ವನಿ ಬೇರೆ ಉಪಕರಣಕ್ಕೆ ಹೋಗುತ್ತಿದೆಯೇ, ಧ್ವನಿಯನ್ನು ಕೃತಕವಾಗಿ ಹಿಗ್ಗಿಸುವ ವ್ಯವಸ್ಥೆ ಚಾಲೂ ಇದೆಯೇ ಎಂಬುದನ್ನೂ ನೋಡಬೇಕು. ಸೇಫ್ ಮೋಡ್‌ನಲ್ಲಿ ಸರಿಯಾಗಿ ನುಡಿಯುವ ಫೋನು ಮಾಮೂಲಿ ಬಳಕೆಯಲ್ಲಿ ಒಡಕು ಹೊರಡಿಸಿದರೆ, ಬಳಕೆದಾರನು ಹಾಕಿಕೊಂಡ ಯಾವುದೋ ಆ್ಯಪ್‌ನ ಕಾರಣವಿರಬಹುದು. ಎಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆಯೆಂದರೆ ಅದೇ ಮಾದರಿಯ ಇನ್ನೊಂದು ಫೋನಿನಲ್ಲಿ ಅದೇ ಧ್ವನಿಯನ್ನು ಅದೇ ಪ್ರಮಾಣದಲ್ಲಿ ಕೇಳುವುದು. ಪ್ರದರ್ಶನಕ್ಕಿಟ್ಟ ಫೋನು ಬಹುತೇಕ ಅಂಗಡಿಗಳಲ್ಲಿ ಇರುತ್ತದೆ. ಸೂಜಿ ಹಾಕಿ ರಂಧ್ರ ಚುಚ್ಚುವುದು, ಎಣ್ಣೆ ಬಿಡುವುದು ಮುಂತಾದ ಮನೆಮದ್ದು ಬೇಡ. ಪೊರೆ ಹರಿದುಹೋದರೆ ವಾರಂಟಿಯ ಹಕ್ಕೂ ಹೋದಂತೆಯೇ.

ಈ ಪರೀಕ್ಷೆಗಳನ್ನು ಮೊದಲೆರಡು ದಿನಗಳಲ್ಲಿಯೇ ಮುಗಿಸಬೇಕು. ಮಾರಾಟಗಾರರು ಫೋನು ಬದಲಾಯಿಸಿಕೊಡಲು ಇಡುವ ಗಡುವು ಕೆಲವೇ ದಿನಗಳದು. ಅದು ಕಳೆದ ಮೇಲೆ ಉಳಿಯುವುದು ದುರಸ್ತಿಯ ವಾರಂಟಿ ಮಾತ್ರ. ಸರ್ವಿಸ್ ಸೆಂಟರಿಗೆ ಒಪ್ಪಿಸುವಾಗ ಜಾಬ್‌ಶೀಟಿನಲ್ಲಿ 'ಪರಿಶೀಲನೆಗೆ' ಎಂದಷ್ಟೇ ಬರೆಯಲು ಬಿಡಬಾರದು. 'ಧ್ವನಿಯ ಪ್ರಮಾಣ ಅರ್ಧಕ್ಕಿಂತ ಮೇಲೇರಿದಾಗ ಕೆಳಗಿನ ಸ್ಪೀಕರು ಒಡಕು ಸದ್ದು ಮಾಡುತ್ತದೆ' ಎಂಬಂತೆ ನಿರ್ದಿಷ್ಟವಾಗಿ ಬರೆಯಿಸಬೇಕು. ದೋಷ ಕಂಡುಬಂದಿಲ್ಲವೆಂದು ಮರಳಿಸಿದರೂ ಆ ಮಾತನ್ನು ಲಿಖಿತವಾಗಿಯೇ ಪಡೆಯಬೇಕು. ಒಪ್ಪಿಸುವ ಮೊದಲು ಸಿಮ್ ತೆಗೆದು, ಪಾವತಿ ಆ್ಯಪ್‌ಗಳನ್ನು ಅಳಿಸಿ, ಮಾಹಿತಿಯ ಪ್ರತಿ ಇಟ್ಟುಕೊಳ್ಳುವುದನ್ನು ವ್ಯಾಪಾರಿಗೆ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಗ್ರಾಹಕನೆಂದರೆ ಯಾರು?

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಸಾಮಾನ್ಯ ಖರೀದಿದಾರನಿಗೆ ಸುಲಭದ ದಾರಿಯನ್ನು ಕೊಟ್ಟಿದೆ. ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ಸಲ್ಲಿಸಿದರೆ ಸಾಕು. ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದ ದೋಷವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ತೊಡಕಿರುವುದು ಕಲಂ 2(7)ರಲ್ಲಿ. ಮರುಮಾರಾಟಕ್ಕಾಗಲಿ, ವಾಣಿಜ್ಯ ಉದ್ದೇಶಕ್ಕಾಗಲಿ ಸರಕು ಕೊಂಡವನು 'ಗ್ರಾಹಕ'ನಲ್ಲ. ಆದರೆ ಅದೇ ಕಲಮಿನ ವಿವರಣೆಯು, ಸ್ವಂತ ದುಡಿಮೆಯಿಂದ ಜೀವನೋಪಾಯ ಗಳಿಸುವುದಕ್ಕಾಗಿಯೇ ಕೊಂಡು ತಾನೇ ಬಳಸುವ ಸರಕನ್ನು ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. 1995ರ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಉದ್ದೇಶ ವಾಣಿಜ್ಯದ್ದೇ ಎಂಬುದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ವಿಷಯವೆಂದಿತು. 2019ರ ಲೀಲಾವತಿ ಕೀರ್ತಿಲಾಲ್ ಮೆಹ್ತಾ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ಖರೀದಿಗೂ ಲಾಭ ಗಳಿಸುವ ಚಟುವಟಿಕೆಗೂ ನಿಕಟವಾದ ನೇರ ಸಂಬಂಧವಿದೆಯೇ, ಖರೀದಿಯ ಪ್ರಧಾನ ಉದ್ದೇಶವೇನು ಎಂಬುದನ್ನು ನೋಡಬೇಕೆಂದಿತು.

ಆದುದರಿಂದ ಒಬ್ಬನೇ ಕುಳಿತು ಕಿರಾಣಿ ಅಂಗಡಿ ನಡೆಸುವವನು ಗಲ್ಲಾದ ಬಳಿ ಇಡಲು ಕೊಂಡ ಫೋನಿನ ವಿಷಯದಲ್ಲಿ ಗ್ರಾಹಕನೇ ಎಂದು ವಾದಿಸಲು ಗಟ್ಟಿಯಾದ ಆಧಾರವಿದೆ. ಮಾರಾಟ ಪ್ರತಿನಿಧಿಗಳಿಗೆ ಹಂಚಲು ಹತ್ತು ಫೋನು ಕೊಂಡ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಆ ಆಧಾರ ಬಹಳ ದುರ್ಬಲ. ಇವೆರಡರ ನಡುವೆ ಇರುವವರೇ ಹೆಚ್ಚು. ಅವರು ಬಿಲ್ಲಿನಲ್ಲಿ ಸಂಸ್ಥೆಯ ಹೆಸರು, ಜಿಎಸ್‌ಟಿ ನೋಂದಣಿ ಸಂಖ್ಯೆ ಬರೆಯಿಸಿ ಹೂಡುವಳಿ ತೆರಿಗೆಯ ಜಮೆ ಪಡೆದರೆ, ಆ ಫೋನು ವ್ಯವಹಾರದ ಸಲುವಾಗಿ ಕೊಂಡದ್ದೆಂದು ತಾವೇ ತೆರಿಗೆ ಇಲಾಖೆಯ ಮುಂದೆ ಹೇಳಿಕೊಂಡಂತಾಯಿತು. ಎದುರು ಪಕ್ಷದ ವಕೀಲರು ಮೊದಲು ಮುಂದಿಡುವ ಕಾಗದ ಅದೇ. ಅಷ್ಟರಿಂದಲೇ ದೂರು ಬಿದ್ದುಹೋಗುತ್ತದೆಂದು ಹೇಳಲಾಗದಾದರೂ, ಉತ್ತರಿಸುವ ಹೊಣೆ ದೂರುದಾರನ ಮೇಲೆ ಬೀಳುತ್ತದೆ.

ಆ ಬಾಗಿಲು ಮುಚ್ಚಿದರೆ

ಗ್ರಾಹಕನಲ್ಲವೆಂದ ಮಾತ್ರಕ್ಕೆ ವ್ಯಾಪಾರಿ ಹಕ್ಕಿಲ್ಲದವನಲ್ಲ. ತಯಾರಕನ ವಾರಂಟಿ ಒಪ್ಪಂದವಾಗಿ ಉಳಿದೇ ಇರುತ್ತದೆ. ಸರಕು ಮಾರಾಟ ಅಧಿನಿಯಮ, 1930 ಹಳೆಯದಾದರೂ ಇಂದಿಗೂ ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲೆ ಸ್ಟೀರಿಯೋ ಸ್ಪೀಕರೆಂದು ನಮೂದಿಸಿ ಒಂದೇ ಸ್ಪೀಕರಿನ ಫೋನು ಕೊಟ್ಟರೆ ಕಲಂ 15ರಂತೆ ವರ್ಣನೆಗೆ ತಕ್ಕ ಸರಕಲ್ಲ. ನಿರ್ದಿಷ್ಟ ಉಪಯೋಗವನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ ಕಲಂ 16ರ ನೆರವು ಸಿಗುತ್ತದೆ. ಆದರೆ ಕಂಪನಿಯ ಹೆಸರನ್ನೇ ಹೇಳಿ ಕೇಳಿ ಕೊಂಡವನಿಗೆ ಉಪಯೋಗಕ್ಕೆ ತಕ್ಕದ್ದೆಂಬ ಭರವಸೆ ಅಷ್ಟು ಸುಲಭವಾಗಿ ಲಭಿಸದು. ಅಂಗಡಿಯಲ್ಲಿ ಪರೀಕ್ಷಿಸಿಯೇ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಅನಂತರ ತಕರಾರು ನಿಲ್ಲುವುದಿಲ್ಲ.

ಇಲ್ಲಿಯೂ ಸಮಯದ ಪ್ರಶ್ನೆಯೇ ಮುಖ್ಯ. ಯುಕ್ತ ಕಾಲದೊಳಗೆ ನಿರಾಕರಣೆಯನ್ನು ತಿಳಿಸದೆ ಸರಕನ್ನು ಇಟ್ಟುಕೊಂಡರೆ ಕಲಂ 42ರ ಪ್ರಕಾರ ಅದನ್ನು ಒಪ್ಪಿಕೊಂಡಂತೆ. ಆಮೇಲೆ ಫೋನು ಹಿಂದಿರುಗಿಸಿ ಹಣ ಕೇಳುವ ಹಕ್ಕು ಹೋಗಿ, ಕಲಂ 59ರಡಿ ಬೆಲೆಯಲ್ಲಿ ಕಡಿತ ಅಥವಾ ನಷ್ಟಪರಿಹಾರ ಕೇಳುವುದಷ್ಟೇ ಉಳಿಯುತ್ತದೆ. ಅದಕ್ಕಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಇಪ್ಪತ್ತು ಸಾವಿರದ ಫೋನಿಗೆ ಲಾಭದ ವ್ಯವಹಾರವೇ ಎಂಬುದನ್ನು ಯಾವ ವ್ಯಾಪಾರಿಯೂ ಕ್ಷಣದಲ್ಲಿ ಲೆಕ್ಕ ಹಾಕಬಲ್ಲ.

ತೆರಿಗೆಯ ಲೆಕ್ಕ

ಬಿಲ್ಲು ಸ್ವಂತ ಹೆಸರಿನಲ್ಲಿರಬೇಕೋ ಸಂಸ್ಥೆಯ ಹೆಸರಿನಲ್ಲೋ ಎಂಬುದನ್ನು ಅಂಕಿಗಳಿಂದಲೇ ನೋಡಬಹುದು. ಮೊಬೈಲ್ ಫೋನಿನ ಮೇಲಿನ ಜಿಎಸ್‌ಟಿ ದರ 1 ಏಪ್ರಿಲ್ 2020ರಂದು ಶೇ. 12ರಿಂದ ಶೇ. 18ಕ್ಕೆ ಏರಿತು. 20,000 ರೂಪಾಯಿಯ ಫೋನಿಗೆ ತೆರಿಗೆ 3,600, ಒಟ್ಟು 23,600 ರೂಪಾಯಿ. ಸಂಸ್ಥೆಯ ಬಿಲ್ಲಿನಿಂದ ಈ 3,600 ಜಮೆಯಾಗುತ್ತದೆ. ಆಗ ಸವಕಳಿ 20,000ದ ಮೇಲೆ ಮಾತ್ರ. ಜಮೆ ಪಡೆಯದೆ ವ್ಯವಹಾರಕ್ಕೆ ಬಳಸಿದರೆ ಪೂರ್ತಿ 23,600ರ ಮೇಲೆ ಸವಕಳಿ ಲೆಕ್ಕ ಹಾಕಬಹುದು. ಎರಡೂ ಲಾಭ ಒಟ್ಟಿಗೆ ಸಿಗದಂತೆ ಕೇಂದ್ರ ಜಿಎಸ್‌ಟಿ ಅಧಿನಿಯಮದ ಕಲಂ 16(3) ತಡೆದಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆಯೇ ಇಲ್ಲವಾದುದರಿಂದ ಬಿಲ್ಲಿಗೆ ನೋಂದಣಿ ಸಂಖ್ಯೆ ಸೇರಿಸಿ ಅವರು ಗಳಿಸುವುದು ಏನೂ ಇಲ್ಲ. ಒಂದು ಫೋನು ಕೊಳ್ಳುವ ಸಣ್ಣ ವ್ಯಾಪಾರಿಗೆ 3,600 ರೂಪಾಯಿಯ ಜಮೆಗಿಂತ ಗ್ರಾಹಕನ ಸ್ಥಾನ ನಿರ್ವಿವಾದವಾಗಿ ಉಳಿಯುವುದೇ ಮೇಲೆನಿಸಬಹುದು; ಹತ್ತಾರು ಫೋನು ಕೊಳ್ಳುವ ಕಂಪನಿಗೆ ಆ ಸ್ಥಾನ ಹೇಗೂ ಅನುಮಾನವಾದುದರಿಂದ ಜಮೆ ಬಿಡುವುದು ಜಾಣತನವಲ್ಲ.

ಮೊಬೈಲ್ ಮಾರುವ ಸದಸ್ಯರಿಗೆ

ದೋಷವುಳ್ಳ ಫೋನನ್ನು ಹಿಂದಕ್ಕೆ ಪಡೆದು ಹಣ ಮರಳಿಸಿದರೆ ಕಲಂ 34ರಂತೆ ಕ್ರೆಡಿಟ್ ನೋಟು ಕೊಟ್ಟು ತೆರಿಗೆ ಹೊಣೆಯನ್ನು ಇಳಿಸಿಕೊಳ್ಳಬಹುದು. ಕೊಂಡವನು ನೋಂದಾಯಿತನಾಗಿದ್ದರೆ ಅವನು ಪಡೆದ ಜಮೆಯನ್ನು ಹಿಂದಿರುಗಿಸಿರಬೇಕು. ವಾರಂಟಿಯಡಿ ಬೇರೆ ಹಣ ಪಡೆಯದೆ ಬಿಡಿಭಾಗ ಬದಲಿಸಿದರೆ ತಯಾರಕನು ಮತ್ತೆ ತೆರಿಗೆ ಕೊಡಬೇಕಾಗಿಲ್ಲ, ಜಮೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲವೆಂದು 17 ಜುಲೈ 2023ರ 195ನೆಯ ಸುತ್ತೋಲೆ ಸ್ಪಷ್ಟಪಡಿಸಿತು. ಇಡೀ ಸರಕನ್ನೇ ಬದಲಿಸಿದರೂ ಇದೇ ನಿಯಮವೆಂದು 26 ಜೂನ್ 2024ರ 216ನೆಯ ಸುತ್ತೋಲೆ ಹೇಳಿತು. ಆದರೆ ವಿತರಕನು ತನ್ನ ದಾಸ್ತಾನಿನಿಂದ ಬದಲಿ ಕೊಟ್ಟು ಅದರ ಹಣಕ್ಕೆ ತಯಾರಕನಿಗೆ ಬಿಲ್ಲು ಮಾಡಿದರೆ ಆ ಬಿಲ್ಲಿಗೆ ತೆರಿಗೆ ಉಂಟು. ತಯಾರಕನು ಹಣದ ಬದಲು ಫೋನನ್ನೇ ಉಚಿತವಾಗಿ ತುಂಬಿಕೊಟ್ಟರೆ ತೆರಿಗೆ ಇಲ್ಲ. ಯಾವ ರೀತಿಯ ವ್ಯವಸ್ಥೆಯೆಂಬುದನ್ನು ತಯಾರಕರೊಡನೆ ಮೊದಲೇ ಲಿಖಿತವಾಗಿ ಮಾಡಿಕೊಳ್ಳದ ವಿತರಕರು ಲೆಕ್ಕಪರಿಶೋಧನೆಯ ವೇಳೆ ಪೇಚಿಗೆ ಸಿಲುಕುತ್ತಾರೆ.

ಒಂದು ಆರ್ಥಿಕ ವರ್ಷದಲ್ಲಿ ಮಾರಿದ ಫೋನಿನ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು, ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದೇ ಕಡೆಯ ದಿನ. ಮಾರ್ಚ್ ತಿಂಗಳಲ್ಲಿ ಮಾರಿದ ಫೋನಿನ ತಕರಾರು ಡಿಸೆಂಬರಿನಲ್ಲಿ ಇತ್ಯರ್ಥವಾದರೆ ಹಣ ಮರಳಿಸಿದ್ದಕ್ಕೆ ತೆರಿಗೆಯ ಮರುಹೊಂದಾಣಿಕೆ ದೊರೆಯದು, ಆ ಶೇ. 18 ಅಂಗಡಿಯವನ ಕೈಯಿಂದಲೇ ಹೋಗುತ್ತದೆ.